ಕರ್ಚೀಫು ಹಾಕಿದ ಸೀಟು

ಮೊನ್ನೆ ಡ್ರೈಯರಿನಿಂದ ಬಿಸಿ ಬಟ್ಟೆ ಬಾಚಿ ತೆಗೆಯುವಾಗ ನಮ್ಮವರ ಕರ್ಚೀಫೊಂದು ನನ್ನ ಸ್ವೆಟರಿನ ತೋಳಿಗೆ ಅಂಟಿಕೊಂಡು ಬಂತು. ಬಿಳಿ ಬಟ್ಟೆ, ನೀಲಿ ಅಂಚು, ಒಂದು ಮೂಲೆಯಲ್ಲಿ ಕಾಫಿಯ ಕಲೆ. ಆ ಕಲೆಗೆ ನಾನು ಹಾಕದ ಪುಡಿಯಿಲ್ಲ, ಹಿಂಡದ ನಿಂಬೆಹಣ್ಣಿಲ್ಲ. ಹೋಗಲೊಲ್ಲದು. ಅದನ್ನು ಕೈಯಲ್ಲಿ ಹಿಡಿದುಕೊಂಡು ಗರಾಜಿನಲ್ಲಿ ಹಾಗೇ ನಿಂತುಬಿಟ್ಟೆ. ಒಲೆಯ ಮೇಲಿಟ್ಟ ಬೇಳೆ ಸೀದ ವಾಸನೆ ಬಂದಾಗಲೇ ಎಚ್ಚರವಾದದ್ದು. ಒಂದು ಕರ್ಚೀಫಿಗೋಸ್ಕರ ಬೇಳೆ ಸೀಯಿಸಿಕೊಳ್ಳುವ ಹೆಂಗಸು ನಾನು. ಮುಂದಕ್ಕೆ ಓದುವ ಮೊದಲೇ ನಿಮಗೆ ಇದು ಗೊತ್ತಿರಲಿ.

ಈ ದೇಶದಲ್ಲಿ ಕರ್ಚೀಫು ಇಟ್ಟುಕೊಳ್ಳುವವರು ಯಾರಿದ್ದಾರೆ ಹೇಳಿ? ಎಲ್ಲಿ ನೋಡಿದರೂ ಟಿಶ್ಯೂ ಡಬ್ಬಿ. ಆದರೂ ನಾವು ಊರಿಗೆ ಹೋದಾಗಲೆಲ್ಲ ಹುಬ್ಬಳ್ಳಿಯಿಂದ ಡಜನ್ನುಗಟ್ಟಲೆ ಕರ್ಚೀಫು ತರುತ್ತೇವೆ. ಇಲ್ಲೇ ಹುಟ್ಟಿ ಬೆಳೆದ ಮಗಳು ರಶ್ಮಿಗೆ ಇದೆಂದರೆ ಅಸಹ್ಯ. ಮೂಗೊರೆಸಿದ ಬಟ್ಟೆಯನ್ನು ಮಡಚಿ ಜೇಬಿನಲ್ಲಿಟ್ಟುಕೊಳ್ಳುವುದೆಂದರೇನು ಎಂದು ಅವಳು ಇಂಗ್ಲಿಷಿನಲ್ಲಿ ಕೇಳುತ್ತಾಳೆ. ಹುಚ್ಚಿ! ಕರ್ಚೀಫು ಇರುವುದು ಮೂಗಿಗಷ್ಟೇ ಅಂತ ತಿಳಿದಿದ್ದಾಳೆ. ಬೆವರಿಗೆ ಅದು, ಗುಡಿಯ ಪ್ರಸಾದ ಕಟ್ಟಿಕೊಳ್ಳಲು ಅದು, ಅಂಗಿಯ ಕಾಲರು ಹೊಲಸಾಗದಂತೆ ಕುತ್ತಿಗೆಗೆ ಅದು. ಎಲ್ಲಕ್ಕಿಂತ ದೊಡ್ಡ ಕೆಲಸ, ಬಸ್ಸಿನಲ್ಲಿ ಸೀಟು ಹಿಡಿಯುವುದಕ್ಕೆ ಅದು.

ನಮ್ಮಪ್ಪ ಧಾರವಾಡದ ಒಂದು ಕಚೇರಿಯಲ್ಲಿ ಕಾರಕೂನ. ಮಹಾ ಸಾಧು ಮನುಷ್ಯ. ಮನೆಯಲ್ಲಿ ಪಲ್ಯಕ್ಕೆ ಉಪ್ಪಿಲ್ಲದಿದ್ದರೂ ಕೇಳುತ್ತಿರಲಿಲ್ಲ. ಆದರೆ ನಿಲ್ದಾಣಕ್ಕೆ ಬಸ್ಸು ಬಂತೋ, ಆ ಸಾಧು ಎಲ್ಲಿ ಮಾಯವಾಗುತ್ತಿದ್ದನೋ! ಬಸ್ಸು ನಿಲ್ಲುವ ಮೊದಲೇ ಅದರ ಜೊತೆ ಜೊತೆಗೇ ಓಡಿ, ಕಿಟಕಿಯ ಸರಳಿನ ಸಂದಿಯಿಂದ ಕರ್ಚೀಫು ಒಗೆಯುತ್ತಿದ್ದರು. ಆಮೇಲೆ ಧೋತರದ ಚುಂಗು ಸರಿಪಡಿಸಿಕೊಳ್ಳುತ್ತ ನಿಧಾನಕ್ಕೆ ಹತ್ತುತ್ತಿದ್ದರು. ಅಷ್ಟರಲ್ಲಿ ಬಸ್ಸೆಲ್ಲ ತುಂಬಿ, ಜನ ಒಬ್ಬರ ಮೇಲೊಬ್ಬರು ಬಿದ್ದಿರುತ್ತಿದ್ದರು. ಆ ಒಂದು ಸೀಟು ಮಾತ್ರ ಖಾಲಿ. "ಕರ್ಚೀಫ ಹಾಕೇನ್ರೀ" ಅಂದರೆ ಮುಗಿಯಿತು, ಮೀಸೆ ಹೊತ್ತ ಪೈಲ್ವಾನನೂ ಎದ್ದುಬಿಡುತ್ತಿದ್ದ. ನಮ್ಮ ಕಡೆಯ ಜನ ಏನನ್ನು ಮುರಿದರೂ ಈ ಕಾಯಿದೆಯನ್ನು ಮುರಿಯುತ್ತಿರಲಿಲ್ಲ.

ಹಾಗೆ ಹಿಡಿದ ಸೀಟಿನಲ್ಲಿ ಕಿಟಕಿ ಯಾರಿಗೆ ಅನ್ನುವುದು ನನಗೂ ತಮ್ಮ ರಾಘುವಿಗೂ ಜಗಳ. ನಾನು ಬಲು ಘಾಟಿ. ಬಸ್ಸು ಹೊರಡುತ್ತಿದ್ದಂತೆ ಹೊಟ್ಟೆ ಹಿಡಿದುಕೊಂಡು "ನನಗ ವಾಂತಿ ಬರ್ತದ" ಅಂದುಬಿಡುತ್ತಿದ್ದೆ. ನನಗೆ ಜನ್ಮದಲ್ಲಿ ಬಸ್ಸಿನಲ್ಲಿ ವಾಂತಿಯಾಗಿಲ್ಲ. ಆದರೆ ಅವ್ವ ಗಾಬರಿಯಾಗಿ ರಾಘುವನ್ನು ರಟ್ಟೆ ಹಿಡಿದು ಈಚೆಗೆಳೆದು, ನನ್ನನ್ನು ಕಿಟಕಿಗೆ ನೂಕುತ್ತಿದ್ದಳು. ಮದುವೆಯಾಗಿ ಧಾರವಾಡದಿಂದ ಗದಗಿಗೆ ಗಂಡನ ಜೊತೆ ಹೋಗುವಾಗಲೂ ನಾನು ಆಡಿದ ಮೊದಲ ಮಾತು ಅದೇ. ಅವರ ಹೆಸರು ಶ್ರೀಪಾದ. ಆಗ ಹೆಸರು ಹಿಡಿದು ಕರೆಯುವ ಧೈರ್ಯವಿರಲಿಲ್ಲ, ಈಗಲೂ ಇಲ್ಲ. "ರೀ, ನನಗ ವಾಂತಿ ಬರ್ತದ" ಅಂದೆ. ಪಾಪ, ಎದ್ದು ಕಿಟಕಿ ಬಿಟ್ಟುಕೊಟ್ಟರು, ಮೇಲೆ ತಮ್ಮ ಕರ್ಚೀಫನ್ನೂ ಕೊಟ್ಟರು. ಅಂದಿನಿಂದ ನಮ್ಮ ಸಂಸಾರದಲ್ಲಿ ಕಿಟಕಿ ನನ್ನದು ಎಂದು ತೀರ್ಮಾನವಾಗಿ ಹೋಯಿತು.

ಲಾಸ್ ಏಂಜಲೀಸಿನ ಚಾಟ್ಸ್‌ವರ್ತಿಗೆ ಬಂದ ಮೇಲೆ ಬಸ್ಸೂ ಹೋಯಿತು, ಸೀಟಿನ ಜಗಳವೂ ಹೋಯಿತು. ಇಲ್ಲಿನ ಒಂದು ಸಣ್ಣ ಕಾರ್ಖಾನೆಯಲ್ಲಿ ಅವರು ಇಂಜಿನಿಯರು. ಎಲ್ಲಿಗೆ ಹೋಗುವುದಿದ್ದರೂ ಅವರೇ ಡ್ರೈವ್ ಮಾಡುವುದು, ನಾನು ಪಕ್ಕದಲ್ಲಿ ಕೂತು ಗುಡ್ಡ, ಸಮುದ್ರ, ಮುಗಿಲು ನೋಡುವುದು. ಡ್ರೈವರಿಗೆ ಎಲ್ಲಿಯ ಕಿಟಕಿ? ಅವರಿಗೆ ಎದುರಿನ ರಸ್ತೆಯಷ್ಟೇ. ನನಗೂ ಲೈಸೆನ್ಸಿದೆ, ನಗಬೇಡಿ. ಇಲ್ಲಿ ಗಾಡಿ ಓಡುವುದು ರಸ್ತೆಯ ಬಲಕ್ಕೆ, ಎದುರು ಬರುವ ಕಾರುಗಳ ನಡುವೆ ನುಗ್ಗಿ ಎಡಕ್ಕೆ ತಿರುಗುವುದು ನನ್ನಿಂದಾಗದ ಮಾತು. ಬಲಕ್ಕೆ ತಿರುಗಿ, ಮತ್ತೆ ಬಲಕ್ಕೆ ತಿರುಗಿ, ಊರೆಲ್ಲ ಪ್ರದಕ್ಷಿಣೆ ಹಾಕಿ ಇಂಡಿಯನ್ ಅಂಗಡಿ ಮುಟ್ಟುವವಳು ನಾನು. ಫ್ರೀವೇ ಹೆದ್ದಾರಿಯಂತೂ ನನ್ನ ಹಣೆಯಲ್ಲಿ ಬರೆದಿಲ್ಲ.

ಹೀಗಿರುವಾಗ ಅವರು ಎಡವತೊಡಗಿದರು. ಮೊದಲು ಡಿಶ್‌ವಾಶರಿನ ಬಾಗಿಲಿಗೆ. ಮೊಣಕಾಲಿನ ಚರ್ಮ ಸುಲಿದು ರಕ್ತ ಬಂತು. "ಬಾಗಲಾ ತಗದ ಇಡಬ್ಯಾಡ ಅಂತ ಎಷ್ಟ ಸಲ ಹೇಳಬೇಕು ನಿನಗ?" ಎಂದು ನನ್ನ ಮೇಲೆ ಹರಿಹಾಯ್ದರು. "ಅಷ್ಟ ದೊಡ್ಡ ಬಾಗಲಾ ಕಾಣವಲ್ದೇನು ನಿಮಗ? ಕಣ್ಣ ಏನ ಕಿಸೇದಾಗ ಇಟಗೊಂಡೀರೇನು?" ಅಂದೆ ನಾನು. ಆ ಮಾತು ಈಗ ನೆನಪಾದರೆ ನಾಲಿಗೆ ಕಚ್ಚಿಕೊಳ್ಳುತ್ತೇನೆ. ಆಮೇಲೆ ಸಂಜೆ ವಾಕಿಂಗಿನಲ್ಲಿ ಫುಟ್‌ಪಾತಿನ ಅಂಚು ತಪ್ಪಿ ಬಿದ್ದರು. ಒಂದು ದಿನ ಪಾರ್ಕಿಂಗ್ ಲಾಟಿನಲ್ಲಿ, ಹಾಡಹಗಲಲ್ಲಿ, ಅಂಗಡಿಯ ತಳ್ಳುಗಾಡಿಗೆ ಕಾರು ತಾಗಿಸಿದರು. ಇಳಿದು ಬಂದು ಅದನ್ನು ಮುಟ್ಟಿ ಮುಟ್ಟಿ ನೋಡಿದರು.

ಯಾರೋ ಹೇಳಿದರೆಂದು ಸ್ಯಾನ್ ಡಿಯೇಗೋ ಹತ್ತಿರದ ಲಾ ಹೋಯಾದ ಕಣ್ಣಿನ ಡಾಕ್ಟರಲ್ಲಿಗೆ ಹೋದೆವು. ಒಳ್ಳೆಯ ಹೆಂಗಸು, ಕೈ ಹಿಡಿದುಕೊಂಡೇ ಹೇಳಿದರು. ಕಣ್ಣಿನ ಹಿಂದಿನ ಪರದೆ ಅಂಚಿನಿಂದ ಒಣಗುತ್ತ ಬಂದಿದೆ, ನೋಟವೀಗ ನಡುವೆ ಒಂದು ಕಿಂಡಿಯಷ್ಟು ಉಳಿದಿದೆ, ಅದೂ ಸಣ್ಣದಾಗುತ್ತ ಹೋಗುತ್ತದೆ, ಇದಕ್ಕೆ ಔಷಧವಿಲ್ಲ, ಇಂದಿನಿಂದ ಡ್ರೈವ್ ಮಾಡುವಂತಿಲ್ಲ. ಎಷ್ಟು ದಿನ ಅಂತ ಕೇಳಿದೆ. ಯಾರೂ ಹೇಳಲಾರರು, ನೋಡಬೇಕೆಂದಿರುವುದು ಏನಾದರೂ ಇದ್ದರೆ ಮುಂದೂಡಬೇಡಿ ಅಂದರು. ನಮ್ಮವರು "ಥ್ಯಾಂಕ್ಯೂ ಡಾಕ್ಟರ್" ಎಂದು ಎದ್ದು, ಬಾಗಿಲೆಂದುಕೊಂಡು ಬೀರುವಿನತ್ತ ನಡೆದರು.

ಲಾಸ್ ಏಂಜಲೀಸಿನಲ್ಲಿ ಕಾರು ಓಡಿಸಲಾರದ ಗಂಡಸೆಂದರೆ ಏನು ಅನ್ನುವುದು ಇಲ್ಲಿದ್ದವರಿಗೇ ಗೊತ್ತು. ಹಾಲು ತರಬೇಕೆಂದರೂ ಇನ್ನೊಬ್ಬರ ಮೋರೆ ನೋಡಬೇಕು. ಗೆಳೆಯರು ಬಂದು ಕೆಲಸಕ್ಕೆ ಕರೆದುಕೊಂಡು ಹೋಗುತ್ತಿದ್ದರು. ಇವರು ಅವಮಾನದಿಂದ ಕುಗ್ಗಿ ಹಿಂದಿನ ಸೀಟಿನಲ್ಲಿ ಕೂತುಕೊಳ್ಳುತ್ತಿದ್ದರು. ದೇವರಿಗೆ ಹರಕೆ ಹೊರಲೂ ನನಗೆ ಮನಸ್ಸಾಗಲಿಲ್ಲ. ಇಂಥ ಸಾಧು ಮನುಷ್ಯನಿಗೆ ಇದನ್ನು ಕೊಟ್ಟವನ ಹತ್ತಿರ ಮತ್ತೇನು ಬೇಡುವುದು?

ಆಗ ರಶ್ಮಿಯೇ ಕೇಳಿದಳು, "ಅಪ್ಪಾ, ವಾಟ್ ಡೂ ಯೂ ವಾಂಟ್ ಟು ಸೀ?" ಕಾಶಿ ಅಂತಾರೋ, ಬೇಲೂರು ಅಂತಾರೋ ಎಂದು ನಾನು ಕಾದೆ. ಅವರು "ಬೆಂಕಿ ಕಾರೂ ಗುಡ್ಡಾ" ಅಂದರು. ಗದಗಿನ ಶಾಲೆಯ ಭೂಗೋಳದ ಪುಸ್ತಕದಲ್ಲಿ ಅದರ ಚಿತ್ರವಿತ್ತಂತೆ, ಕಪ್ಪು ಬಿಳುಪಿನದು. "ನಾನ ಕೆಂಪ ಪೆನ್ಸಿಲ್ಲಿನಿಂದ ಬಣ್ಣಾ ಹಚ್ಚಿದ್ದೆ. ಮಾಸ್ತರು ಪುಸ್ತಕಾ ಹಾಳ ಮಾಡೀ ಅಂತ ಬಡದಿದ್ರು. ಅದರ ಖರೇ ಬಣ್ಣಾ ಹೆಂಗ ಇರ್ತದ ನೋಡಬೇಕು." ನಾನು ಮುಖ ತಿರುಗಿಸಿ ಒಳಗೆ ಹೋದೆ.

ಹಾಗೆ ನಾವು ಮೂವರೂ ಹವಾಯಿಯ ದೊಡ್ಡ ದ್ವೀಪಕ್ಕೆ ಹೋದದ್ದು. ವಿಮಾನ ನಿಲ್ದಾಣದಲ್ಲಿ ಬೂಟು ಬಿಚ್ಚಿಸುವುದು ಹೊಸದಾಗಿ ಶುರುವಾಗಿದ್ದ ಕಾಲ. ನನ್ನ ಚೀಲದ ಶೇಂಗಾ ಚಟ್ನಿಪುಡಿಯನ್ನು ಕೈಗವಸು ಹಾಕಿಕೊಂಡವನೊಬ್ಬ ಮೂಸಿ, ಸೀನಿ, ಕೊನೆಗೆ ಬಿಟ್ಟುಕೊಟ್ಟ. ದ್ವೀಪದಲ್ಲಿ ಬಾಡಿಗೆ ಕಾರು ಓಡಿಸುವವರು ಯಾರು? ರಶ್ಮಿ ಇನ್ನೂ ಹೈಸ್ಕೂಲು, ನಾನು ಬಲಕ್ಕಷ್ಟೇ ತಿರುಗುವವಳು. ಅದಕ್ಕೇ ಟೂರ್ ಬಸ್ಸು ಬುಕ್ ಮಾಡಿದೆವು, ಮುಂಜಾನೆ ಹೊರಟು ದ್ವೀಪವನ್ನೆಲ್ಲ ಸುತ್ತಿಸಿ ತಂದುಬಿಡುವಂಥದು. ಊಟ ಅವರದೇ. ಆದರೂ ನಾನು ರೊಟ್ಟಿ ಕಟ್ಟಿಕೊಂಡಿದ್ದೆ.

ಬಸ್ಸು ಕಂಡ ಕೂಡಲೆ ನನ್ನ ಮೈಯಲ್ಲಿ ನಮ್ಮಪ್ಪ ಹೊಕ್ಕರು. ಎಷ್ಟು ವರ್ಷವಾಗಿತ್ತು ಇಂಥದ್ದೊಂದು ಬಸ್ಸು ಹತ್ತಿ! ಆದರೆ ನಮಗಿಂತ ಮೊದಲೇ ಬೇರೆ ಹೋಟೆಲುಗಳಿಂದ ಜನ ಹತ್ತಿಯಾಗಿತ್ತು, ನಮಗೆ ಸಿಕ್ಕಿದ್ದು ಹಿಂದಿನ ಸೀಟು. ಡ್ರೈವರೂ ಗೈಡೂ ಒಬ್ಬನೇ, ಹೂವಿನ ಅಂಗಿ ಹಾಕಿದ ದಢೂತಿ ಮನುಷ್ಯ. ಮೈಕಿನಲ್ಲಿ ಒಂದೇ ಸಮನೆ ಮಾತು. ಎಡಕ್ಕೆ ನೋಡಿ, ಬಲಕ್ಕೆ ನೋಡಿ. ಇವರು ಎಡಕ್ಕೆ ಕತ್ತು ತಿರುಗಿಸಿ ಕಿಂಡಿಯಲ್ಲಿ ಹುಡುಕುವಷ್ಟರಲ್ಲಿ ಅವನು ಬಲಕ್ಕೆ ಹೋಗಿರುತ್ತಿದ್ದ. ಮುಂದಿನ ಕಿಟಕಿ ಸಿಕ್ಕರೆ ದೊಡ್ಡ ಗಾಜು, ಇವರಿಗೆ ಕಂಡೀತು ಎಂದು ನನ್ನ ಜೀವ ಚಡಪಡಿಸಿತು.

ಕಾಫಿ ತೋಟದಲ್ಲಿ ಬಸ್ಸು ನಿಂತು ಎಲ್ಲರೂ ಇಳಿದರು. ನಾನು ಬೇಕೆಂದೇ ಹಿಂದುಳಿದೆ. ಇವರ ಕಿಸೆಯಿಂದ ತೆಗೆದುಕೊಂಡಿದ್ದ ಕರ್ಚೀಫನ್ನು ಮುಂದಿನ ಕಿಟಕಿಯ ಸೀಟಿನ ಮೇಲೆ ನೀಟಾಗಿ ಹರಡಿ, ಬಂದು ಆರಾಮಾಗಿ ಕಾಫಿ ಕುಡಿದೆ.

ತಿರುಗಿ ಬಂದು ನೋಡಿದರೆ ಆ ಸೀಟಿನಲ್ಲಿ ಮುಂಜಾನೆಯಿಂದ ಅಲ್ಲಿದ್ದ ಅಜ್ಜ ಅಜ್ಜಿ ಮತ್ತೆ ಕೂತುಬಿಟ್ಟಿದ್ದಾರೆ! ಗೈಡು ಕರ್ಚೀಫನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, ಇದು ಯಾರದ್ದು, ಯಾರು ಕಳೆದುಕೊಂಡದ್ದು ಎಂದು ಎಲ್ಲರನ್ನೂ ಕೇಳುತ್ತಿದ್ದಾನೆ. ಅವನ ಇನ್ನೊಂದು ಕೈಯಲ್ಲಿದ್ದ ಲೋಟದಿಂದ ಕಾಫಿ ತುಳುಕಿ ಅದರ ಮೂಲೆಗೆ ಬಿತ್ತು. ಕಲೆ ಅದೇ. ನಾನು ಮುಂದೆ ಹೋಗಿ ಇಂಗ್ಲಿಷಿನಲ್ಲಿ ಹೇಳಿದೆ, ಯಾರೂ ಕಳೆದುಕೊಂಡಿಲ್ಲ, ನಾನೇ ಇಟ್ಟದ್ದು, ಕರ್ಚೀಫು ಹಾಕಿದ ಮೇಲೆ ಸೀಟು ನಮ್ಮದು. ಬಸ್ಸಿಗೆ ಬಸ್ಸೇ ನನ್ನನ್ನು ನೋಡಿತು. "ಅಮ್ಮಾ, ಪ್ಲೀಸ್, ನಾಟ್ ಹಿಯರ್" ಎಂದು ರಶ್ಮಿ ಟೋಪಿಯಲ್ಲಿ ಮುಖ ಮುಚ್ಚಿಕೊಂಡಳು. ನಾನು ಜಗ್ಗಲಿಲ್ಲ. ಆ ಅಜ್ಜಿ ನನ್ನ ಹಿಂದೆ ಸೀಟುಗಳ ಬೆನ್ನು ತಡವುತ್ತ ಬರುತ್ತಿದ್ದ ಇವರನ್ನು ನೋಡಿದಳು. ಅವಳಿಗೇನು ತಿಳಿಯಿತೋ, ಗಂಡನನ್ನು ಎಬ್ಬಿಸಿಕೊಂಡು ಹಿಂದಕ್ಕೆ ಹೋದಳು. ಗೆದ್ದೆ ಅಂದುಕೊಂಡೆ. ಇವರು ಕೂತು, ಗಾಜಿಗೆ ಹಣೆ ತಾಗಿಸಿ, "ನಿಮ್ಮಪ್ಪನ ಮಗಳು ನೀ" ಎಂದು ನಕ್ಕರು. ಬಹಳ ದಿನದ ಮೇಲೆ ನಕ್ಕದ್ದು.

ಕರಿ ಮರಳಿನ ದಂಡೆಗೆ ಹೋದೆವು. ಅಲ್ಲಿ ಆಮೆಗಳು ಮಲಗಿದ್ದವು. ಕರಿ ಮರಳಿನ ಮೇಲೆ ಕರಿ ಆಮೆ. ನನಗೇ ಕಲ್ಲು ಯಾವುದು ಆಮೆ ಯಾವುದು ತಿಳಿಯಲಿಲ್ಲ, ಇವರಿಗೆ ಹೇಗೆ ತೋರಿಸಲಿ? ಜಲಪಾತದಲ್ಲಿ ಇವರು ಸದ್ದನ್ನಷ್ಟೇ ಕೇಳಿದರು. ಮಧ್ಯಾಹ್ನದ ಹೊತ್ತಿಗೆ ಅಗ್ನಿಪರ್ವತದ ದೊಡ್ಡ ಬಾಯಿಯ ಬಳಿ ಇಳಿದರೆ, ಏನಿದೆ ಅಲ್ಲಿ? ಮಂಜು! ಮಂಜು, ಹೊಗೆ, ಗಂಧಕದ ವಾಸನೆ. ಕಟಾಂಜನದಾಚೆ ಹಾಲು ಚೆಲ್ಲಿದಂತೆ ಎಲ್ಲ ಬಿಳಿ. ಜನ ಕ್ಯಾಮೆರಾ ಹಿಡಿದುಕೊಂಡು ಗೊಣಗಿದರು. ಇಷ್ಟು ದೂರ ಬಂದು ಏನೂ ಕಾಣದಲ್ಲ ಎಂದು ಒಬ್ಬ ಗೈಡಿನ ಮೇಲೆ ರೇಗಿದ.

ಇವರು ಕಟಾಂಜನ ಹಿಡಿದು ನಿಂತಿದ್ದರು. "ಸುಧಾ, ಯಾರಿಗೂ ಕಾಣವಲ್ದೇನು?" ಎಂದು ಮೆಲ್ಲಗೆ ಕೇಳಿದರು. "ಯಾರಿಗೂ ಕಾಣವಲ್ದು" ಅಂದೆ. "ಖರೇನ?" "ಖರೇ ಅಂದ್ರ ಖರೇರಿ. ಬರೇ ಮಂಜು." ಅವರು ಗಟ್ಟಿಯಾಗಿ ನಕ್ಕುಬಿಟ್ಟರು, ಆಟ ಗೆದ್ದ ಹುಡುಗನ ಹಾಗೆ. "ಎಲ್ಲಾರೂ ನನ್ನ ಹಂಗ ಆಗ್ಯಾರ ಅನ್ನು!" ಅಂದರು. ಕಟಾಂಜನಕ್ಕೆ ಆನಿಕೊಂಡು ನಾವು ರೊಟ್ಟಿ ಚಟ್ನಿ ತಿಂದೆವು, ರೇಗಿದವನಿಗೂ ಒಂದು ತುಂಡು ಕೊಟ್ಟರು. ಆ ಪ್ರವಾಸದಲ್ಲಿ ಅವರು ಸುಖವಾಗಿದ್ದದ್ದು ಆ ಮಂಜಿನಲ್ಲಿ ಮಾತ್ರ.

ಸಂಜೆಯಾಗುತ್ತಿದ್ದಂತೆ ಬಸ್ಸು ಸಮುದ್ರದ ಕಡೆಗೆ ಇಳಿಯಿತು. ಅಲ್ಲಿ ರಸ್ತೆಯೇ ಮುಗಿಯುತ್ತದೆ. ಹಿಂದೊಮ್ಮೆ ಹರಿದ ಲಾವಾ ಅದನ್ನು ನುಂಗಿ ಕರ್ರಗೆ ಕೂತಿದೆ. ಇಲ್ಲಿ ಮಂಜಿರಲಿಲ್ಲ. ಗೈಡು ಬಸ್ಸು ನಿಲ್ಲಿಸಿ, ದೂರದ ಇಳಿಜಾರಿನ ಕಡೆ ನೋಡುತ್ತಿರಿ, ಅದೃಷ್ಟವಿದ್ದರೆ ಕಾಣುತ್ತದೆ ಅಂದ. ಬೆಳಕು ಇಳಿಯಿತು. ಇದ್ದಕ್ಕಿದ್ದಂತೆ ಯಾರೋ "ದೇರ್!" ಎಂದು ಕೂಗಿದರು. ಗುಡ್ಡದ ಮೈಮೇಲೆ ಕೆಂಪು ಗೆರೆ, ಸಣ್ಣದು, ಕುಂಕುಮ ಎಳೆದಂತೆ. ಜನ ಹೋ ಎಂದರು. ಇವರನ್ನು ಹಿಡಿದು ತೋರಿಸಬೇಕೆಂದು ತಿರುಗುವಷ್ಟರಲ್ಲಿ ಅವರೇ ಕೂಗಿದರು:

"ಕಂಡ್ತು! ಸುಧಾ, ಕಂಡ್ತು ನೋಡು! ಅಗದೀ ನಾ ಹಚ್ಚಿದ್ದ ಬಣ್ಣ ಅದ!"

ಅವರ ಕೈ ಚಾಚಿತ್ತು. ನಾನು ಆ ಬೆರಳಿನ ಗುಂಟ ನೋಡಿದೆ. ಗುಡ್ಡವಿದ್ದದ್ದು ಅವರ ಬೆನ್ನಿಗೆ. ಬೆರಳಿನ ತುದಿಯಲ್ಲಿದ್ದದ್ದು ನಮ್ಮ ಬಸ್ಸು, ಬಸ್ಸಿನ ಹಿಂದಿನ ಕೆಂಪು ದೀಪ.

ಕಿಂಡಿಯಷ್ಟು ಉಳಿದಿದೆ ಅಂದಿದ್ದರು ಡಾಕ್ಟರು. ಆ ಕಿಂಡಿ ಎಷ್ಟು ಸಣ್ಣದು, ಸಂಜೆಯ ಬೆಳಕಿನಲ್ಲಿ ಅದರೊಳಗೆ ಎಷ್ಟು ಕತ್ತಲೆ ಅನ್ನುವುದು ನನಗೆ ಗೊತ್ತೇ ಇರಲಿಲ್ಲ. ಇವರು ಹೇಳಿರಲಿಲ್ಲ. ಆ ಕತ್ತಲೆಯಲ್ಲಿ ಕೆಂಪಗಿರುವುದನ್ನು ಹುಡುಕಿ ಹುಡುಕಿ, ಸಿಕ್ಕಿದ್ದನ್ನು ಬೆಂಕಿಬೆಟ್ಟವೆಂದುಕೊಂಡಿದ್ದರು. ಮುಖದಲ್ಲಿ ಎಂಥ ಸಂತೋಷ! ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. "ಅಪ್ಪಾ, ದಟ್ಸ್ ನಾಟ್..." ಎಂದು ರಶ್ಮಿ ಶುರುಮಾಡಿದಳು. ಅವಳ ಕೈಯನ್ನು ಗಟ್ಟಿಯಾಗಿ ಅದುಮಿದೆ. ಇರಲಿ, ಕಂಡದ್ದೇ ಖರೆ ಎಂದು ಇದ್ದುಬಿಡಲಿ, ಯಾರ ಗಂಟು ಏನು ಹೋಗುತ್ತದೆ? "ಹೌದ್ರೀ, ಎಂಥಾ ಕೆಂಪ" ಅಂದೆ.

ಅಷ್ಟೂ ನಡೆಯಗೊಡಲಿಲ್ಲ ನಮ್ಮ ದೈವ. ಬಸ್ಸು ತಿರುಗಿಸಿಕೊಳ್ಳಲು ಗೈಡು ಇಂಜಿನು ಚಾಲೂ ಮಾಡಿದ. ಪೀಂ ಪೀಂ ಎಂದು ಬಸ್ಸು ಹಿಂದಕ್ಕೆ ಬಂತು, ನಿಂತಿತು, ಹೊರಳಿತು. ಇವರ ಬೆಂಕಿಬೆಟ್ಟ ಎಡಕ್ಕೆ ಸರಿಯಿತು, ಆಮೇಲೆ ಇಲ್ಲವಾಯಿತು. ಚಾಚಿದ ಬೆರಳು ಹಾಗೇ ಗಾಳಿಯಲ್ಲಿತ್ತು.

"ಬಸ್ಸ ಏನು ಅದು?" ಎಂದು ಕೇಳಿದರು.

ಅವರ ಹೆಗಲು ಹಿಡಿದು ಗುಡ್ಡದ ಕಡೆ ತಿರುಗಿಸಿದೆ. "ಇಲ್ಲೆ ನೋಡ್ರಿ, ನನ್ನ ಕೈ ನೋಡ್ರಿ, ಇದರ ಗುಂಟ ನೋಡ್ರಿ, ಸಣ್ಣ ಗೆರಿ ಅದ, ಅಲ್ಲೆ, ಸ್ವಲ್ಪ ಮ್ಯಾಲೆ..." ರಶ್ಮಿ ಅಪ್ಪನ ಗಲ್ಲ ಹಿಡಿದು ಮುಖವನ್ನು ಇಷ್ಟಿಷ್ಟೇ ಸರಿಸಿದಳು. ಬಹಳ ಹೊತ್ತು ನೋಡಿದರು. ಕಣ್ಣು ಕಿರಿದು ಮಾಡಿದರು, ಅಗಲ ಮಾಡಿದರು.

"ಬಿಡು, ಸಾಕು," ಅಂದರು ಕೊನೆಗೆ. "ಕಾಲ ನೋಯಾಕತ್ತಾವ."

ಬಸ್ಸು ಹತ್ತಿದೆವು. ಮುಂದಿನ ಸೀಟಿನಲ್ಲಿ, ಇಳಿಯುವಾಗ ನಾನು ಹಾಕಿದ್ದ ಕರ್ಚೀಫು ಹಾಗೇ ಇತ್ತು. ಈಗ ಅದನ್ನು ಯಾರೂ ಮುಟ್ಟಿರಲಿಲ್ಲ. ಇವರು ತಡವಿ ಅದನ್ನೆತ್ತಿಕೊಂಡು ಪಕ್ಕಕ್ಕೆ ಸರಿದು ನಿಂತರು. "ನೀ ಕೂಡು ಕಿಟಕೀಗೆ," ಅಂದರು. ನಾನು ಬೇಡವೆಂದೆ, ಜಗಳವಾಡಿದೆ, ಕೈ ಹಿಡಿದು ಎಳೆದೆ. ಅವರು ಅಲುಗಲಿಲ್ಲ. "ಕೂಡು, ಸುಧಾ. ನಿನಗ ವಾಂತಿ ಬರ್ತದಲ್ಲಾ" ಅಂದರು. ದಾರಿಯುದ್ದಕ್ಕೂ ನಾನು ಅಳುತ್ತ ಕಿಟಕಿಯ ಪಕ್ಕದಲ್ಲಿ ಕೂತಿದ್ದೆ.

ಇದೆಲ್ಲ ಆಗಿ ವರ್ಷಗಳಾದವು. ಕೆಲಸ ಬಿಟ್ಟರು. ಹೊರಗಿನ ಬಿಸಿಲು ಎಷ್ಟೆಂದು ಕೈಯನ್ನು ಗಾಜಿಗೆ ಹಿಡಿದು ನೋಡುತ್ತಾರೆ. ನಾನು ಎಡಕ್ಕೆ ತಿರುಗುವುದನ್ನು ಕಲಿತೆ. ಅದೇನು ದೊಡ್ಡ ಸಾಧನೆಯಲ್ಲ, ಗತಿಯಿರಲಿಲ್ಲ. ಲಾ ಹೋಯಾಕ್ಕೆ ಮಾತ್ರ ರೈಲಿನಲ್ಲಿ ಹೋಗುತ್ತೇವೆ. ಚಾಟ್ಸ್‌ವರ್ತಿನಲ್ಲಿ ಹತ್ತಿದರೆ ಸ್ಯಾನ್ ಡಿಯೇಗೋದವರೆಗೆ ಒಂದೇ ರೈಲು, ಅರ್ಧ ದಾರಿಯ ಮೇಲೆ ಸಮುದ್ರದ ದಂಡೆಗುಂಟ ಓಡುತ್ತದೆ. ಡಾಕ್ಟರು ಮಾಡುವುದೇನೂ ಉಳಿದಿಲ್ಲ. ಆದರೂ ಕರೆದಾಗ ಹೋಗುತ್ತೇವೆ.

ಹೋದ ತಿಂಗಳು ಹೋದಾಗ ನಾನು ಚೀಲ ಎತ್ತಿಡುವಷ್ಟರಲ್ಲಿ ಇವರು ಮುಂದೆ ಹೋಗಿ, ಕಿಟಕಿಯ ಸೀಟೆಂದು ಅಂದಾಜು ಮಾಡಿ ಕರ್ಚೀಫು ಒಗೆದರು. ಅದು ಹೋಗಿ ನಡುದಾರಿಯಲ್ಲಿ ಬಿತ್ತು. ಕಾಲೇಜು ಹುಡುಗಿಯೊಬ್ಬಳು ಎತ್ತಿಕೊಟ್ಟು, ಸರ್, ಇದು ನಿಮ್ಮಿಂದ ಬಿತ್ತು ಅಂದಳು. ಬಿದ್ದದ್ದಲ್ಲ, ನನ್ನ ಹೆಂಡತಿಗೆ ಸೀಟು ಹಿಡಿದದ್ದು ಅಂದರು ಇವರು. ಅವಳು ಏನೂ ತಿಳಿಯದೆ ನಕ್ಕು, ಕರ್ಚೀಫನ್ನು ಕಿಟಕಿಯ ಪಕ್ಕದ ಸೀಟಿನ ಮೇಲಿಟ್ಟಳು. ನಾನು ಅದನ್ನೆತ್ತಿ ಇವರ ಕೈಗೆ ಕೊಟ್ಟು ಕೂತೆ. ರೈಲು ಹೊರಟಿತು, ಊರುಗಳು ಕಳೆದವು. ಇದ್ದಕ್ಕಿದ್ದಂತೆ ಸಮುದ್ರ ತೆರೆದುಕೊಂಡಿತು. ಬಿಸಿಲೆಂದರೆ ಬಿಸಿಲು, ನೀಲಿಯೆಂದರೆ ನೀಲಿ, ಅಲೆಗಳ ಮೇಲೆಲ್ಲ ಬೆಳ್ಳಿ ಚೆಲ್ಲಿತ್ತು.

"ಏನ ಕಾಣ್ತದ?" ಅಂದರು.

ಪ್ರತಿ ಸಲ ಹೇಳುತ್ತಿದ್ದೆ, ಹಡಗು, ಹಕ್ಕಿ, ಅಲೆಯ ಮೇಲೆ ಹಲಗೆ ಹಿಡಿದ ಹುಡುಗರು. ಆವತ್ತು ನನ್ನಿಂದ ಆಗಲಿಲ್ಲ. ಸದ್ದಾಗದಂತೆ ಮೂಗೆಳೆದುಕೊಂಡೆ. "ಏನೂ ಕಾಣವಲ್ದು," ಅಂದೆ. "ಬರೇ ಮಂಜು."

"ಎಲ್ಲಾರಿಗೂ?"

"ಹೂಂ, ಎಲ್ಲಾರಿಗೂ."

ಅಷ್ಟರಲ್ಲಿ ಹಿಂದಿನ ಸೀಟಿನಿಂದ ಮಗುವೊಂದು, "ಮಾಮ್, ಡಾಲ್ಫಿನ್ಸ್! ಡಾಲ್ಫಿನ್ಸ್!" ಎಂದು ಚೀರಿತು. ಡಬ್ಬಿಯ ಜನವೆಲ್ಲ ನಮ್ಮ ಕಡೆಯ ಕಿಟಕಿಗಳತ್ತ ನುಗ್ಗಿ ಬಂದರು. ಇವರು ಕೈಯಲ್ಲಿದ್ದ ಕರ್ಚೀಫನ್ನು ತೊಡೆಯ ಮೇಲಿಟ್ಟು ಮೂಲೆಗೆ ಮೂಲೆ ಕೂಡಿಸಿ ಮಡಚಿದರು. ಆಮೇಲೆ ಅದನ್ನು ನನ್ನ ಕಡೆಗೆ ಹಿಡಿದರು.

"ತೊಗೊ," ಅಂದರು. "ಕಣ್ಣ ಒರಸ್ಕೊ."